ಕಲ್ಚರಿನಲ್ಲಿ ಬೆಳೆಯದ ಫಂಗಸ್ ಬಯಾಪ್ಸಿಯಲ್ಲಿ ಕಂಡದ್ದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮುಳಬಾಗಿಲು ತಾಲ್ಲೂಕು. ಟೊಮೆಟೊ ಬೆಳೆಯುತ್ತೇವೆ. 2021ರ ಮೇ ತಿಂಗಳಲ್ಲಿ ಅಪ್ಪನಿಗೆ ಕೋವಿಡ್ ಬಂತು. ಶುಗರ್ ಮೊದಲೇ ಇತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಎರಡು ವಾರಕ್ಕೆ ಎಡಗೆನ್ನೆ ಜೋಮು ಹಿಡಿಯಿತು. ಮೇಲಿನ ಹಲ್ಲು ಅಲ್ಲಾಡಿ, ಅಂಗುಳ ಕಪ್ಪಾಯಿತು. ಬ್ಲ್ಯಾಕ್ ಫಂಗಸ್ ಅಂದರು. ಮೂರು ಸಲ ಪೀಸ್ ತೆಗೆದು ಪರೀಕ್ಷೆಗೆ ಕಳಿಸಿದರು. ಕೊನೆಗೆ ಎಡಗಡೆ ಮೇಲ್ದವಡೆ, ಅಂಗುಳ ತೆಗೆದರು. ಅಪ್ಪ ಉಳಿದರು. ಈಚೆಗೆ ಹಳೇ ಫೈಲ್ ತೆಗೆದಾಗ ಬಯಾಪ್ಸಿ ರಿಪೋರ್ಟಿನಲ್ಲಿ 'ಬ್ರಾಡ್ ಪಾಸಿಸೆಪ್ಟೇಟ್ ಹೈಫೆ, ಆಂಜಿಯೋಇನ್ವೇಷನ್ ಸೀನ್, ಮ್ಯೂಕರ್‌ಮೈಕೋಸಿಸ್' ಅಂತ ಇದೆ. ಕಲ್ಚರ್ ರಿಪೋರ್ಟಿನಲ್ಲಿ 'ನೋ ಗ್ರೋತ್' ಅಂತ ಇದೆ. ಅದನ್ನು ನೋಡಿದಾಗಿನಿಂದ ಭಾವ, 'ಫಂಗಸ್ಸೇ ಇರಲಿಲ್ಲ, ಸುಮ್ನೆ ದವಡೆ ತೆಗೆಸಿಬಿಟ್ರಿ' ಅಂತಾರೆ. ಆವತ್ತು ಸಹಿ ಹಾಕಿದ್ದು ನಾನೇ. ಎರಡರಲ್ಲಿ ಯಾವುದು ನಿಜ? ಮೂರು ಸಲ ಚುಚ್ಚಿದ್ದಕ್ಕೇ ಅದು ಹರಡಿತಾ?

ಉತ್ತರ: ಮೊದಲು ನಿಮ್ಮ ಮನಸ್ಸಿನ ಭಾರಕ್ಕೆ ಉತ್ತರ ಕೊಡುತ್ತೇನೆ. ವಿವರ ಆಮೇಲೆ. ನೀವು ಬರೆದಿರುವ ಸಾಲುಗಳು ರಿಪೋರ್ಟಿನಲ್ಲಿ ಹಾಗೇ ಇದ್ದರೆ, ನಿಮ್ಮ ತಂದೆಯವರಿಗೆ ಫಂಗಸ್ ಖಂಡಿತ ಇತ್ತು. ಮಾಂಸದ ಒಳಗೆ ಇತ್ತು. ರಕ್ತನಾಳದ ಒಳಗೂ ಇತ್ತು. ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ ಎನ್ನುವುದು ಅದನ್ನು ಸುಳ್ಳು ಮಾಡುವುದಿಲ್ಲ. ನೀವು ಆವತ್ತು ಸಹಿ ಹಾಕಿದ್ದರಿಂದ ಅಪ್ಪ ಇವತ್ತು ನಿಮ್ಮ ಜೊತೆ ಇದ್ದಾರೆ.

ನಾನು ಕೋಲಾರದಲ್ಲಿ ಪೆಥಾಲಜಿಸ್ಟ್. ರೋಗಿಯ ಮುಖ ನಾನು ನೋಡುವುದು ಕಡಿಮೆ. ಅವರ ಮಾಂಸದ ಒಂದು ಚೂರು ನನ್ನ ಮೇಜಿಗೆ ಬರುತ್ತದೆ. 2021ರ ಬೇಸಿಗೆಯಲ್ಲಿ ಇಂಥ ಚೂರುಗಳು ದಿನವೂ ಬಂದವು. ಅದಕ್ಕೂ ಮೊದಲು ವರ್ಷಕ್ಕೆ ಬೆರಳೆಣಿಕೆಯಷ್ಟು ನೋಡುತ್ತಿದ್ದ ರೋಗ ಅದು. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು.

ಎರಡು ರಿಪೋರ್ಟು ಬೇರೆ ಬೇರೆ ಮಾತು ಹೇಳುತ್ತಿವೆ ಅಂತ ನಿಮಗೆ ಅನ್ನಿಸಿದೆ. ಅವು ಉತ್ತರಿಸುತ್ತಿರುವ ಪ್ರಶ್ನೆಗಳೇ ಬೇರೆ. ಕಲ್ಚರ್ ಕೇಳುವುದು ಇಷ್ಟೇ: ಈ ಚೂರಿನಲ್ಲಿ ಜೀವಂತ ಫಂಗಸ್ ಇದೆಯಾ, ಇದ್ದರೆ ನಾನು ಕೊಟ್ಟ ಆಹಾರದ ಮೇಲೆ ಬೆಳೆಯುತ್ತಾ? ಬಯಾಪ್ಸಿ ಕೇಳುವುದು ಇನ್ನೊಂದು: ಈ ಮನುಷ್ಯನ ಮಾಂಸದೊಳಗೆ ಏನು ನಡೆದಿದೆ? ಬಿತ್ತಿದ ಬೀಜ ಮೊಳೆಯಲಿಲ್ಲ ಎಂದಮಾತ್ರಕ್ಕೆ ಅದು ಬೀಜವೇ ಆಗಿರಲಿಲ್ಲ ಅಂತ ರೈತರು ಹೇಳುವುದಿಲ್ಲ, ಅಲ್ವಾ? ಬೀಜ ಸತ್ತಿರಬಹುದು. ಕೈಯಲ್ಲಿ ಜಜ್ಜಿ ಹೋಗಿರಬಹುದು.

ಈ ಫಂಗಸ್ ವಿಷಯದಲ್ಲಿ ಜಜ್ಜುವುದು ನಿಜವಾದ ಸಮಸ್ಯೆ. ಬ್ಲ್ಯಾಕ್ ಫಂಗಸ್ ಎಂದು ಜನ ಕರೆಯುವ ಮ್ಯೂಕರ್ ಗುಂಪಿನ ಫಂಗಸ್ಸಿನ ಮೈ ಒಂದು ಉದ್ದನೆಯ ಕೊಳವೆ. ಒಳಗೆ ಅಡ್ಡಗೋಡೆಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಿಮ್ಮ ರಿಪೋರ್ಟಿನ 'ಬ್ರಾಡ್ ಪಾಸಿಸೆಪ್ಟೇಟ್ ಹೈಫೆ' ಎಂದರೆ ಇದೇ: ಅಡ್ಡಗೋಡೆ ಕಡಿಮೆ ಇರುವ ಅಗಲ ಎಳೆಗಳು. ಬಿದಿರಿನಲ್ಲಿ ಗೆಣ್ಣಿಗೊಂದು ತಡೆ ಇರುತ್ತದೆ. ಒಂದು ಕಡೆ ಸೀಳಿದರೂ ಉಳಿದ ಗೆಣ್ಣು ಭದ್ರ. ಇಲ್ಲಿ ಗೆಣ್ಣೇ ಇಲ್ಲ. ಒಂದು ಕಡೆ ಒಡೆದರೆ ಒಳಗಿನ ರಸವೆಲ್ಲ ಸೋರಿ ಇಡೀ ಎಳೆ ಸಾಯುತ್ತದೆ. ಬೇರೆ ಚೂರುಗಳನ್ನು ಕಲ್ಚರಿಗೆ ಹಾಕುವಾಗ ಅರೆದು ಹಾಕುವ ಅಭ್ಯಾಸ ಲ್ಯಾಬುಗಳಲ್ಲಿದೆ. ಇದನ್ನು ಹಾಗೆ ಅರೆದರೆ ಫಂಗಸ್ ಅಲ್ಲೇ ಮುಗಿಯಿತು. ಸಣ್ಣಗೆ ಕತ್ತರಿಸಿ, ಹಾಗೇ ಒತ್ತಿ ಇಡಬೇಕು. ಚೆನ್ನಾಗಿ ಇಟ್ಟರೆ ಒಂದರಿಂದ ಮೂರು ದಿನದಲ್ಲೇ ತಟ್ಟೆ ತುಂಬಾ ಹತ್ತಿಯಂತೆ ಉಬ್ಬಿ ಮುಚ್ಚಳದವರೆಗೆ ಬೆಳೆದುಬಿಡುತ್ತದೆ.

ಇನ್ನೂ ಕಾರಣಗಳಿವೆ. ಫಂಗಸ್ ಕೊಲ್ಲುವ ಆಂಫೊಟೆರಿಸಿನ್ ಎಂಬ ಔಷಧಿ ಶುರುವಾದ ಮೇಲೆ ಚೂರು ತೆಗೆದಿದ್ದರೆ ಬೆಳೆಯುವ ಸಾಧ್ಯತೆ ಕಡಿಮೆ. ಪೂರ್ತಿ ಕೊಳೆತ ಭಾಗದ ನಡುವಿನಿಂದ ತೆಗೆದಿದ್ದರೂ ಹಾಗೇ. ಎಲ್ಲಕ್ಕಿಂತ ಹೆಚ್ಚಾಗಿ ನಾನು ಕಂಡಿರುವುದು ಫಾರ್ಮಲಿನ್ ಎಡವಟ್ಟು. ಬಯಾಪ್ಸಿ ಚೂರು ಕೊಳೆಯದಂತೆ ಇಡಲು ಫಾರ್ಮಲಿನ್ ಬೇಕೇ ಬೇಕು. ಆದರೆ ಅದು ಫಂಗಸ್ಸನ್ನೂ ಕೊಂದುಬಿಡುತ್ತದೆ. ಅದಕ್ಕೇ ಎರಡು ಡಬ್ಬಿ ಬೇಕು. ಒಂದರಲ್ಲಿ ಫಾರ್ಮಲಿನ್, ಅದು ಬಯಾಪ್ಸಿಗೆ. ಇನ್ನೊಂದರಲ್ಲಿ ಬರೀ ಸಲೈನ್, ಅದು ಕಲ್ಚರಿಗೆ ಮತ್ತು ಕೆಒಎಚ್ ಎಂಬ ಬೇಗ ಮುಗಿಯುವ ಪರೀಕ್ಷೆಗೆ. ಅದೇನೆಂದು ಮುಂದೆ ಹೇಳುತ್ತೇನೆ. ಎರಡನೇ ಅಲೆಯ ಗಡಿಬಿಡಿಯಲ್ಲಿ ಒಂದು ಆಸ್ಪತ್ರೆಯಿಂದ ಒಬ್ಬ ಹೆಣ್ಣುಮಗಳ ಚೂರುಗಳೆಲ್ಲ ಒಂದೇ ಡಬ್ಬಿಯಲ್ಲಿ, ಫಾರ್ಮಲಿನ್‌ನಲ್ಲಿ ಮುಳುಗಿ ನಮಗೆ ಬಂದವು. ಜೊತೆಗಿದ್ದ ಚೀಟಿಯಲ್ಲಿ 'ಕಲ್ಚರ್ ಮಾಡಿ' ಎಂದು ಬರೆದಿತ್ತು. ಮಾಡಲು ಏನೂ ಉಳಿದಿರಲಿಲ್ಲ. ಬಯಾಪ್ಸಿಯೇ ಅವರ ಕೈ ಹಿಡಿಯಿತು.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಬಯಾಪ್ಸಿಯಲ್ಲಿ ಫಂಗಸ್ ಕಂಡ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಕಲ್ಚರ್ ಪಾಸಿಟಿವ್ ಬರುತ್ತದೆ. ಇದು ನಮ್ಮ ಜಿಲ್ಲೆಯ ಕಥೆಯಷ್ಟೇ ಅಲ್ಲ, ಎಲ್ಲ ಕಡೆಯೂ ಹೀಗೇ. ರಕ್ತ ಪರೀಕ್ಷೆಯಿಂದಲೂ ಇಲ್ಲಿ ಸಹಾಯ ಸಿಗುವುದಿಲ್ಲ. ಆಸ್ಪರ್ಜಿಲಸ್ ಎಂಬ ಇನ್ನೊಂದು ಫಂಗಸ್ಸಿಗೆ ರಕ್ತದಲ್ಲಿ ಗ್ಯಾಲಕ್ಟೊಮ್ಯಾನನ್ ಎಂಬ ಗುರುತು ಹುಡುಕುತ್ತೇವೆ. ಮ್ಯೂಕರ್ ಆ ಗುರುತು ಬಿಡುವುದಿಲ್ಲ. ಆದ್ದರಿಂದ ಮಾಂಸದ ಚೂರೇ ಬೇಕು.

ಹಾಗಾದರೆ ಆ ಚೂರಿನಲ್ಲಿ ನಾವು ನೋಡುವುದೇನು? ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಭಾವನವರ ಸಂಶಯಕ್ಕೆ ಉತ್ತರ ಇಲ್ಲೇ ಇದೆ.

ಚೂರು ಬಂದ ಕೂಡಲೇ ಸಲೈನ್ ಡಬ್ಬಿಯದರಲ್ಲಿ ಒಂದಿಷ್ಟು ತೆಗೆದು ಗಾಜಿನ ಮೇಲೆ ಇಟ್ಟು, ಕೆಒಎಚ್ ದ್ರಾವಣ ಒಂದು ತೊಟ್ಟು ಹಾಕುತ್ತಾರೆ. ಅದು ಒಂದು ಬಗೆಯ ಕ್ಷಾರ. ಮಾಂಸ ಕರಗುತ್ತದೆ, ಫಂಗಸ್ ಎಳೆ ಉಳಿಯುತ್ತದೆ. ಅದಕ್ಕೆ ಹೊಳೆಯುವ ಬಣ್ಣ ಸೇರಿಸಿದರೆ ಎಳೆಗಳು ಕತ್ತಲಲ್ಲಿ ಮಿಂಚುಹುಳದಂತೆ ಕಾಣುತ್ತವೆ. ಒಂದು ಗಂಟೆಯೊಳಗೆ ಫೋನ್ ಮಾಡಿ ಸರ್ಜನ್‌ಗೆ ತಿಳಿಸಬಹುದು. 2021ರಲ್ಲಿ ಎಷ್ಟೋ ಜನರಿಗೆ ಚಿಕಿತ್ಸೆ ಶುರುವಾದದ್ದು ಈ ಒಂದು ಫೋನ್ ಕರೆಯಿಂದ.

ಫಾರ್ಮಲಿನ್ ಡಬ್ಬಿಯ ಚೂರಿಗೆ ಸಮಯ ಬೇಕು. ರಾತ್ರಿಯೆಲ್ಲ ಗಟ್ಟಿಯಾಗಬೇಕು. ಆಮೇಲೆ ಆಲ್ಕೋಹಾಲ್‌ನಲ್ಲಿ ನೀರು ತೆಗೆದು, ಝೈಲೀನ್‌ನಲ್ಲಿ ಅದ್ದಿ, ಕರಗಿದ ಮೇಣದಲ್ಲಿ ಕೂರಿಸುತ್ತೇವೆ. ಮೇಣ ಗಟ್ಟಿಯಾದ ಮೇಲೆ ಸಿಗುವ ತುಂಡಿಗೆ ಬ್ಲಾಕ್ ಅನ್ನುತ್ತೇವೆ. ಅದನ್ನು ಮೈಕ್ರೋಟೋಮ್ ಎಂಬ ಯಂತ್ರದಲ್ಲಿ 3ರಿಂದ 5 ಮೈಕ್ರಾನ್ ದಪ್ಪಕ್ಕೆ ಕೊಯ್ಯುತ್ತೇವೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಅಂತ ಹೆಸರು. ನಮ್ಮ ಟೆಕ್ನೀಷಿಯನ್‌ಗಳು ಆ ಹಾಳೆಯನ್ನು ಬಿಸಿನೀರಿನ ಮೇಲೆ ತೇಲಿಬಿಟ್ಟು ಗಾಜಿನ ಮೇಲೆ ಎತ್ತಿಕೊಳ್ಳುವುದನ್ನು ನೋಡಬೇಕು, ಅಷ್ಟು ನಾಜೂಕಿನ ಕೆಲಸ. ಅವರ ಹೆಸರು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಕೋವಿಡ್ ಹೆದರಿಕೆಯ ನಡುವೆಯೂ ಅವರು ಒಂದು ದಿನ ಕೆಲಸ ನಿಲ್ಲಿಸಲಿಲ್ಲ.

ನಿಮ್ಮ ತಂದೆಯವರದ್ದು ದವಡೆ ಮೂಳೆ. ಮೂಳೆಯನ್ನು ಹಾಗೇ ಕೊಯ್ಯಲು ಆಗದು. ಆ್ಯಸಿಡ್‌ನಲ್ಲೋ ಇಡಿಟಿಎ ದ್ರಾವಣದಲ್ಲೋ ನೆನೆಸಿ, ಸುಣ್ಣದ ಅಂಶ ಹೋಗಿ ಮೆತ್ತಗಾಗಲು ದಿನಗಟ್ಟಲೆ ಕಾಯಬೇಕು. ಮೂಳೆಯ ರಿಪೋರ್ಟು ತಡವಾಗಿ ಬಂದಿದ್ದರೆ ಅದೇ ಕಾರಣ.

ಬಣ್ಣ ಹಾಕಿದ ಸ್ಲೈಡ್ ಕೈಗೆ ಬಂದಾಗ ನಾನು ಮೊದಲು ಅಳೆಯುವುದು ಎಳೆಯ ಅಗಲ. ಅದಕ್ಕೆ ಅಳತೆಗೋಲು ಸ್ಲೈಡಿನಲ್ಲೇ ಇರುತ್ತದೆ. ಮನುಷ್ಯನ ಕೆಂಪು ರಕ್ತಕಣದ ಅಗಲ ಸುಮಾರು 7 ಮೈಕ್ರಾನ್. ಮ್ಯೂಕರ್ ಎಳೆ ಸಾಮಾನ್ಯವಾಗಿ ಅದರಷ್ಟೇ ಅಥವಾ ಅದರ ಎರಡರಷ್ಟು ಅಗಲ. ಲಂಗದ ಲಾಡಿಯಂತೆ ತಿರುಚಿ, ಮಡಚಿ ಬಿದ್ದಿರುತ್ತದೆ. ಕವಲೊಡೆಯುವಾಗ ಮೂಲೆಮಟ್ಟದಂತೆ ಅಡ್ಡಕ್ಕೆ ಒಡೆಯುತ್ತದೆ. ಆಸ್ಪರ್ಜಿಲಸ್ ಎಳೆ ಇದಕ್ಕಿಂತ ಸಣ್ಣದು, 3ರಿಂದ 5 ಮೈಕ್ರಾನ್. ಒಂದೇ ಅಗಲ, ಬಿದಿರಿನಂತೆ ಗೆಣ್ಣು ಗೆಣ್ಣು. ಕವಲು ಬೇಲಿಯ ಕವೆಗೋಲಿನಂತೆ ಕಿರಿದು, ಸುಮಾರು 45 ಡಿಗ್ರಿ. ಕ್ಯಾಂಡಿಡಾ ಎಂಬ ಮತ್ತೊಂದು ಫಂಗಸ್ ಆದರೆ ಸಣ್ಣ ಸಣ್ಣ ಗುಂಡುಮೊಗ್ಗುಗಳು ಕಾಣುತ್ತವೆ.

ಪುಸ್ತಕದಲ್ಲಿ ಓದುವಾಗ ಸುಲಭ ಅನ್ನಿಸುತ್ತದೆ. ಸ್ಲೈಡಿನಲ್ಲಿ ಹಾಗಿರುವುದಿಲ್ಲ. ಮಡಚಿದ ಲಾಡಿಯ ಸುಕ್ಕು ಗೆಣ್ಣಿನಂತೆ ಕಾಣಬಹುದು. ಅಡ್ಡ ಕೊಯ್ದ ಎಳೆ ಬರೀ ಖಾಲಿ ಉಂಗುರದಂತೆ ಕಾಣಬಹುದು. ಗಾಯಕ್ಕೆ ತುರುಕಿದ ಹತ್ತಿಯ ನಾರೂ ಮೋಸ ಮಾಡುತ್ತದೆ. ಅದಕ್ಕೆ ವಿಶೇಷ ಬಣ್ಣಗಳು ಬೇಕು. ಪಿಎಎಸ್ ಬಣ್ಣದಲ್ಲಿ ಫಂಗಸ್ಸಿನ ಗೋಡೆ ಗಾಢ ಗುಲಾಬಿ. ಜಿಎಂಎಸ್ ಎಂಬ ಬೆಳ್ಳಿಯ ಬಣ್ಣದಲ್ಲಿ ಹಸಿರು ಹಿನ್ನೆಲೆಯ ಮೇಲೆ ಕಪ್ಪು ಗೆರೆ. ಮ್ಯೂಕರ್ ಕೆಲವೊಮ್ಮೆ ಬೆಳ್ಳಿಯನ್ನೂ ಸರಿಯಾಗಿ ಹಿಡಿಯುವುದಿಲ್ಲ. ಮಾಮೂಲಿ ಗುಲಾಬಿ-ನೀಲಿ ಸ್ಲೈಡಿನಲ್ಲೇ ಹೆಚ್ಚು ಚೆನ್ನಾಗಿ ಕಾಣುವುದುಂಟು. ಹಾಗಾಗಿ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ.

ಹೆಸರು ಹೇಳಲು ಯಾಕಿಷ್ಟು ಪಾಡು ಎಂದರೆ, ಔಷಧಿಯೇ ಬೇರೆಯಾಗುತ್ತದೆ. ಆಸ್ಪರ್ಜಿಲಸ್‌ಗೆ ಮೊದಲು ನೆನಪಾಗುವ ಔಷಧಿ ವೊರಿಕೊನಜೋಲ್. ಅದು ಮ್ಯೂಕರ್ ಮೇಲೆ ಕೆಲಸವೇ ಮಾಡುವುದಿಲ್ಲ. ಮ್ಯೂಕರ್‌ಗೆ ಆಂಫೊಟೆರಿಸಿನ್ ಬೇಕು. ಲೈಪೊಸೋಮಲ್ ರೂಪದಲ್ಲಿ, ಅಂದರೆ ಕೊಬ್ಬಿನ ಪುಟ್ಟ ಗುಳ್ಳೆಗಳೊಳಗೆ ತುಂಬಿದ ರೂಪದಲ್ಲಿ, ದಿನಕ್ಕೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ, ಕೆಲವರಿಗೆ ಇನ್ನೂ ಜಾಸ್ತಿ. ಆಮೇಲೆ ಪೊಸಕೊನಜೋಲ್ ಮಾತ್ರೆ. 2021ರ ಮೇನಲ್ಲಿ ಆಂಫೊಟೆರಿಸಿನ್ ಎಲ್ಲೂ ಸಿಗದೆ ಮನೆಯವರು ಊರೂರು ಅಲೆದದ್ದು ನಿಮಗೂ ನೆನಪಿರಬೇಕು. ಇರುವ ಒಂದು ವಯಲ್ ಯಾರಿಗೆ ಅಂತ ತೀರ್ಮಾನ ಆಗುತ್ತಿದ್ದ ದಿನಗಳಲ್ಲಿ, ಎಳೆಯ ಅಗಲವನ್ನು ತಪ್ಪಾಗಿ ಓದಿದರೆ ಏನಾಗಬಹುದು ಎಂಬ ಭಯ ನನಗೆ ನಿದ್ದೆ ಕೊಡುತ್ತಿರಲಿಲ್ಲ. ಎರಡೂ ಫಂಗಸ್ ಒಟ್ಟಿಗೆ ಇದ್ದವರನ್ನೂ ಆಗ ನೋಡಿದೆವು.

ಇನ್ನು ನಿಮ್ಮ ರಿಪೋರ್ಟಿನ ಅತಿ ಮುಖ್ಯ ಪದಕ್ಕೆ ಬರುತ್ತೇನೆ. 'ಆಂಜಿಯೋಇನ್ವೇಷನ್ ಸೀನ್'. ಎಂದರೆ ಫಂಗಸ್ ರಕ್ತನಾಳದ ಗೋಡೆಯನ್ನು ತೂರಿ ಒಳಗೆ ಹೋಗಿರುವುದು ಕಂಡಿದೆ.

ಫಂಗಸ್ ಬೀಜಗಳು, ಅಂದರೆ ಸ್ಪೋರ್‌ಗಳು, ಗಾಳಿಯಲ್ಲಿ, ಮಣ್ಣಿನಲ್ಲಿ, ಗೊಬ್ಬರದ ಗುಂಡಿಯಲ್ಲಿ ಎಲ್ಲೆಲ್ಲೂ ಇವೆ. ನಿಮ್ಮ ಟೊಮೆಟೊ ಬಾಕ್ಸ್ ನಾಲ್ಕು ದಿನ ಹಾಗೇ ಬಿದ್ದಿದ್ದರೆ ಒಡೆದ ಹಣ್ಣಿನ ಮೇಲೆ ಬಿಳಿ ಮೀಸೆಯಂಥ ಎಳೆ, ತುದಿಯಲ್ಲಿ ಕಪ್ಪು ಚುಕ್ಕಿ ಬರುತ್ತದಲ್ಲ, ಅದು ರೈಜೋಪಸ್. ಮನುಷ್ಯನಿಗೆ ತೊಂದರೆ ಕೊಡುವುದು ಅದರ ದಾಯಾದಿ, ರೈಜೋಪಸ್ ಅರೈಜಸ್. ನಮ್ಮ ದೇಶದಲ್ಲಿ ಈ ಕಾಯಿಲೆ ಜಾಸ್ತಿ ತರುವುದು ಅದೇ. ಟೊಮೆಟೊ ಮೇಲಿನದು ನಮ್ಮ ಮೈ ಬಿಸಿಯಲ್ಲಿ ಬೆಳೆಯಲಾರದು. ಅರೈಜಸ್ ಆರಾಮಾಗಿ ಬೆಳೆಯುತ್ತದೆ. ಹಾಗಾಗಿ ಮೂಗಿನ ಸಿಂಬಳದಲ್ಲಿ ಫಂಗಸ್ ಸಿಕ್ಕಿತು, ಕಲ್ಚರಿನಲ್ಲಿ ಬೆಳೆಯಿತು ಎಂದಮಾತ್ರಕ್ಕೆ ರೋಗ ಇದೆ ಎನ್ನಲಾಗದು. ಅದು ಗಾಳಿಯಿಂದ ಬಂದು ಕೂತಿರಬಹುದು. ಯಾರ ಮೂಗನ್ನು ಒರೆಸಿದರೂ ಒಂದು ಸ್ಪೋರ್ ಸಿಗಬಹುದು. ಅದೇ ಎಳೆ ಜೀವಂತ ಮಾಂಸವನ್ನು, ರಕ್ತನಾಳವನ್ನು, ನರವನ್ನು ತೂರಿಕೊಂಡು ಹೋಗಿರುವುದು ಕಂಡರೆ ಸಂಶಯಕ್ಕೆ ಜಾಗ ಇಲ್ಲ. ಗಾಳಿಯಿಂದ ಬಿದ್ದ ಸ್ಪೋರ್ ತೆಗೆದಿಟ್ಟ ಚೂರಿನ ರಕ್ತನಾಳದ ಒಳಗೆ ಬೆಳೆದು ಕೂರುವುದಿಲ್ಲ. ಭಾವನವರು ನಂಬಿರುವ ಕಲ್ಚರ್ ಪಾಸಿಟಿವ್ ಬಂದಿದ್ದರೂ ನಾನು ಕೊನೆಗೆ ನೋಡುತ್ತಿದ್ದದ್ದು ಬಯಾಪ್ಸಿಯನ್ನೇ.

ರಕ್ತನಾಳದ ಒಳಗೆ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ನಿಮ್ಮ ಹೊಲದ ಮಾತಿನಲ್ಲಿ ಹೇಳಬಹುದು. ಡ್ರಿಪ್ ಪೈಪಿನಲ್ಲಿ ಒಂದು ಕಡೆ ಪಾಚಿ ಕಟ್ಟಿದರೆ ಅಲ್ಲಿಂದ ಮುಂದಿನ ಗಿಡಗಳೆಲ್ಲ ಬಾಡುತ್ತವೆ. ಇಲ್ಲೂ ಅದೇ. ಫಂಗಸ್ ನಾಳದೊಳಗೆ ಬೆಳೆಯುತ್ತದೆ, ಅದರ ಸುತ್ತ ರಕ್ತ ಹೆಪ್ಪುಗಟ್ಟುತ್ತದೆ, ನಾಳ ಮುಚ್ಚುತ್ತದೆ. ಮುಂದಿನ ಮಾಂಸ, ಮೂಳೆ ರಕ್ತವಿಲ್ಲದೆ ಸಾಯುತ್ತದೆ. ಸತ್ತ ಮಾಂಸ ಕಪ್ಪಾಗುತ್ತದೆ. ನಿಮ್ಮ ತಂದೆಯ ಅಂಗುಳದಲ್ಲಿ ಕಂಡ ಕಪ್ಪು ಸತ್ತ ಮಾಂಸದ ಬಣ್ಣ. ಮಾಂಸದೊಳಗಿನ ಮ್ಯೂಕರ್ ಎಳೆಗೆ ಬಣ್ಣವೇ ಇಲ್ಲ. ಬ್ಲ್ಯಾಕ್ ಫಂಗಸ್ ಎಂಬ ಹೆಸರು ಬಾಯಿಂದ ಬಾಯಿಗೆ ಹಬ್ಬಿ ನಿಂತುಬಿಟ್ಟಿತು. ನಿಜವಾಗಿ ಕಪ್ಪು ಬಣ್ಣ ಇರುವ ಫಂಗಸ್‌ಗಳ ಗುಂಪೇ ಬೇರೆ.

ಕೆನ್ನೆ ಜೋಮು ಹಿಡಿದದ್ದಕ್ಕೂ ಕಾರಣ ಇದೆ. ಈ ಫಂಗಸ್ ನರದ ಗುಂಟವೂ ಹರಿಯುತ್ತದೆ. ಕಣ್ಣಿನ ಕೆಳಗಿಂದ ಕೆನ್ನೆಗೆ ಬರುವ ನರಕ್ಕೆ ಪೆಟ್ಟಾದರೆ ಆ ಪಕ್ಕ ಮರಗಟ್ಟುತ್ತದೆ.

ಈಗ ಡ್ರಿಪ್ ಪೈಪಿನ ಮಾತನ್ನೇ ಮುಂದುವರಿಸಿ. ಮುಚ್ಚಿಹೋದ ಪೈಪಿನಲ್ಲಿ ಗೊಬ್ಬರ ಬಿಟ್ಟರೆ ಆ ಗಿಡಕ್ಕೆ ತಲುಪುತ್ತದಾ? ತಲುಪುವುದಿಲ್ಲ. ಆಂಫೊಟೆರಿಸಿನ್ ಹೋಗುವುದೂ ರಕ್ತದ ಮೂಲಕವೇ. ನಾಳ ಮುಚ್ಚಿದ ಭಾಗಕ್ಕೆ ಎಷ್ಟು ವಯಲ್ ಕೊಟ್ಟರೂ ಅದು ಹೋಗಿ ಮುಟ್ಟದು. ಅಲ್ಲಿ ಫಂಗಸ್ ಸುರಕ್ಷಿತವಾಗಿ ಕೂತು, ಅಲ್ಲಿಂದ ಕಣ್ಣಿಗೆ, ಮೆದುಳಿಗೆ ಹೊರಡುತ್ತದೆ. ಅದಕ್ಕೇ ಸತ್ತ ಭಾಗವನ್ನು ತೆಗೆಯಲೇಬೇಕು. ರಕ್ತ ಒಸರುವ ಆರೋಗ್ಯದ ಮಾಂಸ ಸಿಗುವವರೆಗೆ ಸರ್ಜನ್ ತೆಗೆಯುತ್ತಾ ಹೋಗುತ್ತಾರೆ. ನಿಮ್ಮ ತಂದೆಯವರ ರಿಪೋರ್ಟಿನಲ್ಲಿ ಆಂಜಿಯೋಇನ್ವೇಷನ್ ಇತ್ತು, ಅಂಗುಳ ಕಪ್ಪಾಗಿತ್ತು, ಹಲ್ಲು ಅಲ್ಲಾಡುತ್ತಿತ್ತು. ಬರೀ ಔಷಧಿ ಸಾಕು ಅಂತ ನಾನಾಗಿದ್ದರೂ ಹೇಳುತ್ತಿರಲಿಲ್ಲ.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಇದೆ. ರಕ್ತದ ಕ್ಯಾನ್ಸರ್ ಜೊತೆ ಈ ಫಂಗಸ್ ಬಂದವರ ಮೇಲೆ ನಡೆದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. 6 ದಿನ ಅಥವಾ ಹೆಚ್ಚು ತಡವಾಗಿ ಆಂಫೊಟೆರಿಸಿನ್ ಪಡೆದವರಲ್ಲಿ, 12 ವಾರದೊಳಗಿನ ಸಾವು ಸುಮಾರು ಎರಡು ಪಟ್ಟು ಇತ್ತು. ಕಲ್ಚರ್ ಬೆಳೆಯಲಿ, ಆಮೇಲೆ ನೋಡೋಣ ಅಂತ ಕೂತಿದ್ದರೆ ಆ ದಿನಗಳು ನಿಮ್ಮ ಕೈಯಿಂದ ಹೋಗುತ್ತಿದ್ದವು.

ಮೂರು ಸಲ ಚೂರು ತೆಗೆದದ್ದರ ಬಗ್ಗೆಯೂ ಕೇಳಿದ್ದೀರಿ. ಮೊದಲು ಅದು ಯಾಕೆ ಎಂದು ಹೇಳುತ್ತೇನೆ. ಇದಕ್ಕೆ ನನ್ನದೇ ಒಂದು ಅನುಭವ ಹೇಳಬೇಕು. 2021ರ ಜೂನ್‌ನಲ್ಲಿ ಒಬ್ಬ ಶಿಕ್ಷಕರ ಮೂಗಿನಿಂದ ತೆಗೆದ ಅಕ್ಕಿಕಾಳಿನಷ್ಟು ಚೂರು ಬಂತು. ಇಡೀ ಸ್ಲೈಡಿನಲ್ಲಿ ಸತ್ತ ಮಾಂಸ, ಕೀವು. ಒಂದು ಎಳೆಯೂ ಕಾಣಲಿಲ್ಲ. 'ಫಂಗಸ್ ಕಂಡಿಲ್ಲ' ಎಂದು ಬರೆದೆ. ಬರೆದ ಮೇಲೆ ಮನಸ್ಸು ಕೇಳಲಿಲ್ಲ. ಸರ್ಜನ್‌ಗೆ ಫೋನ್ ಮಾಡಿ, ಕಪ್ಪು ಭಾಗದ ನಡುವೆ ಬೇಡ, ಕಪ್ಪು ಮತ್ತು ಕೆಂಪು ಸೇರುವ ಅಂಚಿನಿಂದ ಇನ್ನೊಂದು ಚೂರು ಕಳಿಸಿ ಎಂದೆ. ಎರಡು ದಿನದ ಮೇಲೆ ಬಂದ ಆ ಚೂರಿನಲ್ಲಿ ಒಂದು ರಕ್ತನಾಳದ ತುಂಬಾ ಎಳೆಗಳು. ಮೊದಲ ರಿಪೋರ್ಟಿಗೇ ಎಲ್ಲರೂ ಸುಮ್ಮನಾಗಿದ್ದರೆ ಎಂಬ ಯೋಚನೆ ಈಗಲೂ ಕಾಡುತ್ತದೆ. ಲಕ್ಷಣ ಇದ್ದು ಮೊದಲ ಚೂರಿನಲ್ಲಿ ಏನೂ ಸಿಗದಿದ್ದರೆ ಮತ್ತೆ ತೆಗೆಯುವುದೇ ಸರಿ. ನಿಮ್ಮ ತಂದೆಯವರಿಗೆ ಮೊದಲ ಸಲದ್ದು ರೋಗ ಹಿಡಿಯಲು ಇರಬಹುದು. ಎರಡನೆಯದು ಆಪರೇಷನ್ನಿನಲ್ಲಿ ಅಂಚಿನಲ್ಲಿ ಇನ್ನೂ ಉಳಿದಿದೆಯಾ ಎಂದು ನೋಡಲು. ಮೂರನೆಯದು ಆಮೇಲೆ ಮತ್ತೆ ಬಂದಿದೆಯಾ ಎಂದು. ದಿನಾಂಕ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಚುಚ್ಚಿದ್ದರಿಂದ ಹರಡಲಿಲ್ಲ. ಈ ಮಾತು ನಮ್ಮ ಕಡೆ ಕ್ಯಾನ್ಸರ್ ವಿಷಯದಲ್ಲೂ ಇದೆ, ಇಲ್ಲೂ ಬಂದಿದೆ. ಇದೇ ಹೆದರಿಕೆಯಿಂದ ಬಯಾಪ್ಸಿ ಬೇಡ ಎಂದು ಎದ್ದುಹೋದವರನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ. ಫಂಗಸ್‌ಗೆ ರಕ್ತನಾಳದ ದಾರಿ ಮೊದಲೇ ಸಿಕ್ಕಿರುತ್ತದೆ. ಸೂಜಿಯ ದಾರಿ ಅದಕ್ಕೆ ಬೇಕಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಅಪ್ಪನ ತಟ್ಟೆ ಲೋಟ ಬೇರೆ ಇಟ್ಟಿದ್ದರೆ ದಯವಿಟ್ಟು ಇವತ್ತೇ ಒಟ್ಟಿಗೆ ಸೇರಿಸಿ.

ಕೋವಿಡ್ ಆದ ಮೇಲೇ ಯಾಕೆ ಬಂತು ಅಂತ ನೀವು ಕೇಳಿಲ್ಲ, ಆದರೂ ಸ್ವಲ್ಪ ಹೇಳುತ್ತೇನೆ. ಈ ರೋಗ ಹೊಸದಲ್ಲ. 1885ರಲ್ಲೇ ಪಾಲ್ಟಾಫ್ ಎಂಬ ಪೆಥಾಲಜಿಸ್ಟ್ ಸತ್ತವರ ಅಂಗಾಂಶದಲ್ಲಿ ಇದನ್ನು ನೋಡಿ ಬರೆದಿದ್ದರು. ಹತೋಟಿ ತಪ್ಪಿದ ಶುಗರ್ ಇರುವವರಿಗೆ ಇದು ಬರುತ್ತದೆ ಎಂದು ನಮ್ಮ ದೇಶದ ಡಾಕ್ಟರುಗಳಿಗೆ ಕೋವಿಡ್‌ಗೆ ಮೊದಲೂ ಗೊತ್ತಿತ್ತು. ಶುಗರ್ ತುಂಬಾ ಏರಿ ರಕ್ತ ಹುಳಿಯಾದಾಗ, ಪ್ರೋಟೀನಿಗೆ ಅಂಟಿಕೊಂಡಿದ್ದ ಕಬ್ಬಿಣದ ಅಂಶ ಸಡಿಲವಾಗುತ್ತದೆ. ಈ ಫಂಗಸ್‌ಗೆ ಕಬ್ಬಿಣ ಎಂದರೆ ಗೊಬ್ಬರ ಇದ್ದಂತೆ. ಫಂಗಸ್ಸನ್ನು ತಿನ್ನಬೇಕಾದ ಬಿಳಿ ರಕ್ತಕಣಗಳು ಶುಗರ್‌ನಿಂದ ಮಂಕಾಗಿರುತ್ತವೆ. ಕೋವಿಡ್ ಶುಗರನ್ನು ಇನ್ನೂ ಏರಿಸಿತು. ಸ್ಟಿರಾಯ್ಡ್ ಅದನ್ನು ಮತ್ತಷ್ಟು ಏರಿಸಿತು, ರೋಗ ತಡೆಯುವ ಶಕ್ತಿಯನ್ನೂ ತಗ್ಗಿಸಿತು.

ಸ್ಟಿರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆಕ್ಸಿಜನ್ ಬೇಕಾದವರ ಪ್ರಾಣವನ್ನು ಅದು ಉಳಿಸಿದೆ. ಬ್ರಿಟನ್ನಿನಲ್ಲಿ 2020ರಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ ಕೊಟ್ಟರು. ಆಕ್ಸಿಜನ್ ಬೇಕಾದವರಿಗೆ ಲಾಭವಾಯಿತು, ಬೇಡದವರಿಗೆ ಲಾಭ ಕಾಣಲಿಲ್ಲ. ನಮ್ಮಲ್ಲಿ ಜ್ವರ ಬಂದ ಮೊದಲ ದಿನವೇ, ಇನ್ನೂ ಹೆಚ್ಚಿನ ಡೋಸಿನಲ್ಲಿ, ವಾರಗಟ್ಟಲೆ ನುಂಗಿದವರಿದ್ದಾರೆ. ನಮ್ಮ ದೇಶದ 16 ಆಸ್ಪತ್ರೆಗಳು 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಸೇರಿ ಮಾಡಿದ ಅಧ್ಯಯನದಲ್ಲಿ 287 ಮ್ಯೂಕರ್ ರೋಗಿಗಳಿದ್ದರು. ಅವರಲ್ಲಿ 187 ಮಂದಿಗೆ ಕೋವಿಡ್ ನಂಟು ಇತ್ತು. ಶುಗರ್ ಜೊತೆಗೆ, ಬೇಡದ ಕಡೆ ಬೇಡದಷ್ಟು ಸ್ಟಿರಾಯ್ಡ್ ಬಳಸಿದ್ದೂ ಅಲ್ಲಿ ಎದ್ದು ಕಂಡಿತು. ಅದು ಎರಡನೇ ಅಲೆಗೂ ಮೊದಲಿನ ಮಾತು. 2021ರ ಮೇ 20ರಂದು ಕೇಂದ್ರ ಆರೋಗ್ಯ ಸಚಿವಾಲಯ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ಜುಲೈ ಹೊತ್ತಿಗೆ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕವರೇ 45,000 ದಾಟಿದ್ದರು. ಆ ಒಬ್ಬೊಬ್ಬರ ಹಿಂದೆಯೂ ನಿಮ್ಮ ಹಾಗೆ ಸಹಿ ಹಾಕಿದ ಮಗ ಅಥವಾ ಮಗಳು ಇದ್ದರು.

ಫ್ಲೂ ಜ್ವರ ಜೋರಾಗಿ ಬಂದು ಐಸಿಯು ಸೇರಿದವರಲ್ಲಿ ಆಸ್ಪರ್ಜಿಲಸ್ ಶ್ವಾಸಕೋಶಕ್ಕೆ ಇಳಿಯುವುದನ್ನೂ ನೋಡಿದ್ದೇವೆ. ಹಾಗಾಗಿ ಕೋವಿಡ್ ಹೋಯಿತು, ಇನ್ನು ಭಯ ಇಲ್ಲ ಅಂತ ಮರೆಯಬೇಡಿ. ಅಪ್ಪನಿಗಾಗಲಿ, ಮನೆಯಲ್ಲಿ ಶುಗರ್ ಇರುವ ಬೇರೆ ಯಾರಿಗಾಗಲಿ ದೊಡ್ಡ ಜ್ವರ ಬಂದರೆ, ಸ್ಟಿರಾಯ್ಡ್ ಕೊಟ್ಟಿದ್ದರೆ, ಮೂರು ನಾಲ್ಕು ವಾರ ಮುಖದ ಒಂದು ಪಕ್ಕದ ಮೇಲೆ ಕಣ್ಣಿಡಿ. ಒಂದೇ ಹೊಳ್ಳೆ ಕಟ್ಟುವುದು, ಕಪ್ಪು ಅಥವಾ ರಕ್ತ ಬೆರೆತ ಸಿಂಬಳ, ಒಂದು ಕೆನ್ನೆ ಮರಗಟ್ಟುವುದು, ಕಣ್ಣು ಊದುವುದು, ಒಂದು ಎರಡಾಗಿ ಕಾಣುವುದು. ನಮ್ಮ ಕಡೆ ತುಂಬಾ ಜನ ಮೊದಲು ಹೋಗುವುದು ಹಲ್ಲಿನ ಡಾಕ್ಟರ ಹತ್ತಿರ. ಹುಳುಕಿಲ್ಲದ ಮೇಲಿನ ಹಲ್ಲುಗಳು ಸಾಲಾಗಿ ಅಲ್ಲಾಡಿದರೆ, ಕಿತ್ತ ಜಾಗ ಮಾಯದಿದ್ದರೆ, ಅದೇ ದಿನ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಪೀಸ್ ತೆಗೆಯಬೇಕು ಎಂದರೆ ಒಪ್ಪಿಕೊಳ್ಳಿ. ಎರಡು ಡಬ್ಬಿಯಲ್ಲಿ ಕಳಿಸುತ್ತೀರಾ ಅಂತ ವಿನಯದಿಂದ ಕೇಳಿ. ಕೇಳಿದ್ದಕ್ಕೆ ಯಾವ ಒಳ್ಳೆ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಪ್ಪನ ಅಂಗುಳದ ಜಾಗಕ್ಕೆ ಪ್ಲೇಟ್ ಹಾಕಿಸಿದ್ದೀರಾ ಅಂತ ಬರೆದಿಲ್ಲ. ಹಾಕಿಸಿಲ್ಲದಿದ್ದರೆ ದಂತ ವೈದ್ಯಕೀಯ ಕಾಲೇಜಿನಲ್ಲಿ ಕೃತಕ ಹಲ್ಲಿನ ವಿಭಾಗದವರನ್ನು ಕಾಣಿ. ಅದಕ್ಕೆ ಆಬ್ಟುರೇಟರ್ ಅನ್ನುತ್ತಾರೆ. ಸಾರು ಮೂಗಿಗೆ ಏರುವುದು ನಿಲ್ಲುತ್ತದೆ. ಮಾತು ಸ್ಪಷ್ಟವಾಗುತ್ತದೆ. ಮುದ್ದೆಯನ್ನು ಮತ್ತೆ ನೆಮ್ಮದಿಯಾಗಿ ನುಂಗಬಹುದು. ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಬಿಡಬೇಡಿ.

ಇಷ್ಟಾದ ಮೇಲೂ ಭಾವನವರಿಗೆ ಸಂಶಯ ಉಳಿದರೆ ಒಂದು ದಾರಿ ಇದೆ. ಬಯಾಪ್ಸಿ ಮಾಡಿದ ಲ್ಯಾಬುಗಳು ಮೇಣದ ಬ್ಲಾಕ್‌ಗಳನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತವೆ. ರಿಪೋರ್ಟಿನ ಮೇಲ್ಭಾಗದಲ್ಲಿ ಒಂದು ಬಯಾಪ್ಸಿ ನಂಬರ್ ಇರುತ್ತದೆ. ಆ ನಂಬರ್ ಕೊಟ್ಟು, ಅರ್ಜಿ ಬರೆದು ಸ್ಲೈಡ್ ಮತ್ತು ಬ್ಲಾಕ್ ಕೇಳಿ. ಕೊಡುತ್ತಾರೆ. ಯಾವುದಾದರೂ ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗಕ್ಕೆ ಒಯ್ದರೆ ಎರಡನೇ ಅಭಿಪ್ರಾಯ ಬರೆದುಕೊಡುತ್ತಾರೆ. ಬ್ಲಾಕ್‌ನಿಂದ ಹೊಸ ಹಾಳೆ ಕೊಯ್ದು ಮತ್ತೆ ಬಣ್ಣ ಹಾಕಿಯೂ ನೋಡಬಹುದು. ಸಾಧ್ಯವಾದರೆ ಭಾವನವರನ್ನೂ ಕರೆದುಕೊಂಡು ಹೋಗಿ. ಎರಡು ಜನ ಒಟ್ಟಿಗೆ ನೋಡುವ ಮೈಕ್ರೋಸ್ಕೋಪ್ ಅಲ್ಲಿರುತ್ತದೆ. ಕೇಳಿಕೊಂಡರೆ ತೋರಿಸುತ್ತಾರೆ. ರಕ್ತನಾಳದ ಉಂಗುರ, ಅದರೊಳಗೆ ಅಡ್ಡಾದಿಡ್ಡಿ ಬಿದ್ದಿರುವ ಆ ಅಗಲ ಎಳೆಗಳನ್ನು ಅವರು ಒಮ್ಮೆ ತಮ್ಮ ಕಣ್ಣಿನಿಂದಲೇ ನೋಡಲಿ.